ಜಾಲಪುಟದ ಪರೀಕ್ಷೆಯೂ ಊರುಹೆಸರುಗಳ ಪಾಠನಿರ್ಣಯವೂ

ತುಮಕೂರು ಜಿಲ್ಲೆಯ ಗುಬ್ಬಿ ತಾಲ್ಲೂಕಿಗೆ ಸೇರಿದ ಬಿದರೆಹಳ್ಳಿ ಕಾವಲ್, ಅಲ್ಲಿ 2023ರ ಫೆಬ್ರವರಿ 6ರಂದು ಹಿಂದೂಸ್ತಾನ್ ಏರೋನಾಟಿಕ್ಸ್ ಸಂಸ್ಥೆಯ ಹೆಲಿಕಾಪ್ಟರ್ ಕಾರ್ಖಾನೆ ಉದ್ಘಾಟನೆಗೊಂಡಂದಿನಿಂದ ನಾಡಿಗೆಲ್ಲ ಪರಿಚಿತವಾಗಿದೆ. ಊರಿನ ಹೆಸರನ್ನು ಕೆಲವರು ಬಿದರೆಹಳ್ಳಿ ಎಂದೂ ಕೆಲವರು ಬಿದರೆಹಳ್ಳ ಎಂದೂ ಬರೆಯುವುದುಂಟು. ಓದುವವರಿಗೆ ಇದರಿಂದ ತೊಡಕಿಲ್ಲ; ಗಣಕಯಂತ್ರಕ್ಕೆ ಮಾತ್ರ ಇವು ಎರಡು ಊರುಗಳು. ಅಷ್ಟೇ ಅಲ್ಲ, ಕಣ್ಣಿಗೆ ಒಂದೇ ಆಗಿ ತೋರುವ ಹೆಸರೂ ಯಂತ್ರಕ್ಕೆ ಎರಡಾಗಬಲ್ಲುದು. ಜಾಲಪುಟಗಳನ್ನು ಪರೀಕ್ಷಿಸುವ ವಿಧಾನದ ಚರಿತ್ರೆಯನ್ನು ಹಿಂಬಾಲಿಸಿ ಈ ವಿಷಯವನ್ನು ನಾವಿಲ್ಲಿ ವಿಚಾರಿಸಲು ಉದ್ದೇಶಿಸಿದ್ದೇವೆ.

ನಮ್ಮ ನ್ಯಾಯಶಾಸ್ತ್ರದಲ್ಲಿ ಸಾಧಿಸಬೇಕಾದ ಮಾತಿಗೆ 'ಪ್ರತಿಜ್ಞೆ' ಎಂದು ಹೆಸರು. ಗಣಕಕ್ರಮಗಳಲ್ಲಿ ಇಂಥ ಪ್ರತಿಜ್ಞಾವಾಕ್ಯಗಳನ್ನು ಇರಿಸಬೇಕೆಂಬ ವಿಚಾರ ಹಳೆಯದು. 1949ರಲ್ಲಿ ಕೇಂಬ್ರಿಡ್ಜಿನಲ್ಲಿ ಆಲನ್ ಟ್ಯೂರಿಂಗ್ ಓದಿದ ಪ್ರಬಂಧವೊಂದರಲ್ಲಿ ಇದು ಸ್ಪಷ್ಟವಾಗಿ ಕಂಡುಬರುತ್ತದೆ. ಉದ್ದವಾದ ಕೂಡುವ ಲೆಕ್ಕದಲ್ಲಿ ದಶಕಗಳನ್ನೂ ಬರೆದಿಟ್ಟರೆ ಒಂದೊಂದು ಸಾಲನ್ನೂ ಪ್ರತ್ಯೇಕವಾಗಿ ಪರಿಶೀಲಿಸಬಹುದು. ಹಾಗೆಯೇ ಕ್ರಮದ ನಡುನಡುವೆ ಪ್ರತಿಜ್ಞೆಗಳಿದ್ದರೆ ಪರಿಶೀಲನೆ ಸುಲಭವಾಗುವುದೆಂಬುದು ಅವರ ವಾದ. 1969ರಲ್ಲಿ ಹೋರ್ ಇದಕ್ಕೆ ತರ್ಕದ ಸೂತ್ರರೂಪವನ್ನು ಕೊಟ್ಟರು. ಕೆಂಟ್ ಬೆಕ್ 1994ರಲ್ಲಿ ಸ್ಮಾಲ್‌ಟಾಕ್ ಭಾಷೆಗೂ, 1997ರಲ್ಲಿ ಎರಿಕ್ ಗ್ಯಾಮಾರೊಡನೆ ಸೇರಿ ಜಾವಾ ಭಾಷೆಗೂ ರಚಿಸಿದ ಸಾಧನಗಳಿಂದ, ಪ್ರತಿಜ್ಞೆಗಳನ್ನು ಪ್ರತ್ಯೇಕ ಪರೀಕ್ಷೆಗಳಾಗಿ ಬರೆಯುವ ರೂಢಿ ಹರಡಿತು.

ಜಾಲಪುಟಗಳಿಗೆ ಚಲನೆಯನ್ನು ಕೊಟ್ಟ ಜಾವಾಸ್ಕ್ರಿಪ್ಟ್ ಭಾಷೆ ಹುಟ್ಟಿದುದು 1995ರಲ್ಲಿ. ಪುಟದ ಶೀರ್ಷಿಕೆ, ಗುಂಡಿ, ಪಟ್ಟಿ ಮೊದಲಾದ ಘಟಕಗಳನ್ನು ಯಂತ್ರವು ಗುರುತಿಸುವ ಡಾಮ್ ಎಂಬ ವ್ಯವಸ್ಥೆಗೆ 1998ರಲ್ಲಿ ಪ್ರಮಾಣರೂಪ ದೊರೆಯಿತು. 2011ರಲ್ಲಿ ಬಂದ 'ಚಾಯ್' ಈ ಭಾಷೆಯ ಪ್ರತಿಜ್ಞೆಗಳ ಗ್ರಂಥಾಲಯ. ಅದು ತಾನಾಗಿ ಸಂಖ್ಯೆ, ಅಕ್ಷರಮಾಲೆ ಇತ್ಯಾದಿಗಳನ್ನು ಮಾತ್ರ ಬಲ್ಲುದು; 'ಚಾಯ್-ಡಾಮ್', 'ಚಾಯ್-ಜೆಕ್ವೆರಿ' ಎಂಬ ಪ್ಲಗಿನ್‌ಗಳನ್ನು ಸೇರಿಸಿದಾಗ ಪುಟದ ಘಟಕಗಳ ವಿಷಯವಾಗಿಯೂ ಪ್ರತಿಜ್ಞೆ ಮಾಡಬಲ್ಲುದು. ಈ ಘಟಕವು ಪುಟದಲ್ಲಿರತಕ್ಕದ್ದು, ಇದಕ್ಕೆ ಇಂಥ ಲಕ್ಷಣವಿರತಕ್ಕದ್ದು, ಇದರೊಳಗಿನ ಪಠ್ಯ ಇಂಥದೇ ಆಗಿರತಕ್ಕದ್ದು ಎಂಬುವು ಅದರ ಸಾಮಾನ್ಯ ವಾಕ್ಯಗಳು. ಕನ್ನಡಕ್ಕೆ ತೊಡಕೊದಗುವುದು ಈ ಕೊನೆಯ ವಾಕ್ಯದಲ್ಲಿ.

ಪ್ಲಗಿನ್ ಹೋಲಿಸುವುದು ಅಕ್ಷರದ ಆಕಾರವನ್ನಲ್ಲ, ಯೂನಿಕೋಡ್ ವ್ಯವಸ್ಥೆ ಅದಕ್ಕೆ ಕೊಟ್ಟಿರುವ ಸಂಖ್ಯೆಯನ್ನು. ಗುಬ್ಬಿ ತಾಲ್ಲೂಕಿನ ಚೇಳೂರನ್ನೇ ತೆಗೆದುಕೊಳ್ಳೋಣ. 'ಚೇ' ಎಂಬಲ್ಲಿಯ ಏತ್ವವನ್ನು ಒಂದೇ ಚಿಹ್ನೆಯಾಗಿ ದಾಖಲಿಸಬಹುದು. ಎತ್ವ ಮತ್ತು ದೀರ್ಘ ಎಂಬ ಎರಡು ಚಿಹ್ನೆಗಳಾಗಿಯೂ ದಾಖಲಿಸಬಹುದು. ನೋಟ ಒಂದೇ, ಸಂಖ್ಯೆಗಳು ಬೇರೆ, ಪರೀಕ್ಷೆ ಸೋಲುತ್ತದೆ. ಇದಕ್ಕೆ ಪರಿಹಾರವುಂಟು: 2015ರ ಆವೃತ್ತಿಯಿಂದ ಜಾವಾಸ್ಕ್ರಿಪ್ಟಿನಲ್ಲಿರುವ ಏಕರೂಪೀಕರಣದ ಕ್ರಿಯೆ ಇವೆರಡನ್ನೂ ಒಂದಾಗಿಸುತ್ತದೆ.

'ಕಾವಲ್' ಎಂಬಲ್ಲಿ ತೊಡಕು ಇನ್ನೂ ಸೂಕ್ಷ್ಮವಾದುದು. ಮೈಸೂರು ಸಂಸ್ಥಾನದಲ್ಲಿ ಅಮೃತಮಹಲ್ ದನಗಳಿಗಾಗಿ ಕಾದಿರಿಸಿದ ಹುಲ್ಲುಗಾವಲುಗಳಿಗೆ ಈ ಹೆಸರಿದ್ದುದರಿಂದ ಇದು ಅನೇಕ ಊರುಗಳಲ್ಲಿ ಉಳಿದಿದೆ. 'ಕಾವಲ್‌ನಲ್ಲಿ' ಎಂದು ಬರೆಯುವಾಗ ಲಕಾರದ ಕೆಳಗೆ ನಕಾರವು ಒತ್ತಾಗದಂತೆ ತಡೆಯಲು, ಕಣ್ಣಿಗೆ ಕಾಣದ, ಅಗಲವಿಲ್ಲದ ಚಿಹ್ನೆಯೊಂದನ್ನು ನಡುವೆ ಇಡಬೇಕು. ಬೆರಳಚ್ಚಿನ ಸಾಧನಗಳು ಕೆಲವೊಮ್ಮೆ ಇದನ್ನು ಬರಿಯ 'ಕಾವಲ್' ಪದದ ಕೊನೆಗೂ ಸೇರಿಸುತ್ತವೆ. ಆಗ ಪರೀಕ್ಷೆಯ ವರದಿ ವಿಚಿತ್ರವಾಗುತ್ತದೆ: ನಿರೀಕ್ಷಿಸಿದುದು ಬಿದರೆಹಳ್ಳಿ ಕಾವಲ್, ದೊರೆತುದೂ ಬಿದರೆಹಳ್ಳಿ ಕಾವಲ್, ಫಲ ಮಾತ್ರ ಸೋಲು. ಏಕರೂಪೀಕರಣವು ಈ ಚಿಹ್ನೆಯನ್ನು ಮುಟ್ಟುವುದಿಲ್ಲ. ಎಲ್ಲೆಡೆಯೂ ಅಳಿಸಿಬಿಟ್ಟರೆ 'ಕಾವಲ್‌ನಲ್ಲಿ' ಎಂಬ ರೂಪವೇ ಕೆಡುತ್ತದೆ. ಪದಾಂತದಲ್ಲಿ ಮಾತ್ರ ತೆಗೆಯಬೇಕೆಂಬ ವಿವೇಕ ಕನ್ನಡ ಬಲ್ಲವರಿಂದಲೇ ಬರಬೇಕು.

ಹಳ್ಳವೋ ಹಳ್ಳಿಯೋ ಎಂಬುದನ್ನಂತೂ ಯಾವ ಕ್ರಿಯೆಯೂ ತೀರ್ಮಾನಿಸಲಾರದು. 1904ರಲ್ಲಿ ತುಮಕೂರು ಜಿಲ್ಲೆಯ ಶಾಸನಗಳನ್ನು ಎಪಿಗ್ರಾಫಿಯ ಕರ್ನಾಟಿಕದ 12ನೆಯ ಸಂಪುಟವಾಗಿ ಪ್ರಕಟಿಸಿದ ರೈಸ್ ಅವರಂಥ ಸಂಪಾದಕರು ಕಲ್ಲಿನ ಮುಂದೆ ನಿಂತು ಮಾಡಬೇಕಾಗಿದ್ದ ಪಾಠನಿರ್ಣಯವೇ ಇದು. ಇಲ್ಲಿ ಒಂದು ಅಪಾಯವನ್ನು ಹೇಳಲೇಬೇಕು. ನಿರೀಕ್ಷಿತ ಹೆಸರನ್ನು ಪರೀಕ್ಷಕನು ಪುಟದಿಂದಲೇ ನಕಲು ಮಾಡಿಕೊಂಡರೆ ಪರೀಕ್ಷೆ ಎಂದೂ ಸೋಲದು; ಆದರೆ ಅದು ಯಾವುದನ್ನೂ ಸಾಧಿಸುವುದೂ ಇಲ್ಲ. ಪುಟದ ತಪ್ಪೇ ಅಲ್ಲಿ ಪ್ರಮಾಣವಾಗುತ್ತದೆ. ಪಹಣಿಗಾಗಿ ತನ್ನ ಊರನ್ನು ಹುಡುಕುವ ರೈತನಿಗೆ ಅಂಥ ಗ್ರಾಮವೇ ಇಲ್ಲವೆಂಬ ಉತ್ತರ ಬರುವುದು ಇಂಥ ಕಡೆಯೇ.

ಆದುದರಿಂದ ಹೆಸರಿನ ಪಾಠವನ್ನು ದಾಖಲೆಗಳಿಂದಲೂ ಊರಿನವರ ಬಾಯಿಂದಲೂ ಮೊದಲು ನಿರ್ಣಯಿಸಿ, ಬಳಿಕ ಪ್ರತಿಜ್ಞೆಯನ್ನು ಬರೆಯತಕ್ಕದ್ದು. ಯಂತ್ರವು ಹೋಲಿಸಬಲ್ಲುದು, ಯಾವುದು ಸರಿ ಎಂದು ಅದಕ್ಕೆ ತಿಳಿಸಬೇಕಾದವರು ನಾವು.