ಮೂವತ್ತೆಂಟು ರೂಪಾಯಿ ಹದಿಮೂರಾಣೆ ಎರಡು ಪೈ: ಹಾಜಿ ಅಬ್ದುಲ್ಲಾ ಅವರ ಬ್ಯಾಂಕಿನ ಮೊದಲ ದಿನ

ಉಡುಪಿಯಲ್ಲಿ 1906ರ ಮಾರ್ಚ್ 12ರಂದು ‘ಕೆನರಾ ಬ್ಯಾಂಕಿಂಗ್ ಕಾರ್ಪೊರೇಶನ್ (ಉಡುಪಿ) ಲಿಮಿಟೆಡ್’ ಬಾಗಿಲು ತೆರೆಯಿತು. ಆ ದಿನ ಸಂಜೆಗೆ ಅದರ ಕೈಗೆ ಬಂದಿದ್ದ ಹಣ 38 ರೂಪಾಯಿ 13 ಆಣೆ 2 ಪೈ. ಮುಂದೆ ಕಾರ್ಪೊರೇಶನ್ ಬ್ಯಾಂಕ್ ಎಂದು ಹೆಸರಾದ ಈ ಸಂಸ್ಥೆ ತನ್ನ ಚರಿತ್ರೆ ಹೇಳಿಕೊಂಡಾಗಲೆಲ್ಲ ಈ ಮೊತ್ತವನ್ನು ತಪ್ಪದೆ ಹೇಳುತ್ತಿತ್ತು. ಎಷ್ಟು ಸಣ್ಣದರಿಂದ ಶುರುಮಾಡಿ ಎಷ್ಟು ದೊಡ್ಡದಾದೆವು ನೋಡಿ ಎನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಅಂಕಿ ಬೇಕಿರಲಿಲ್ಲ. ಆದರೆ ಹೀಗೆ ಭಾಷಣಕ್ಕೆ ಒದಗಿ ಒದಗಿ ಅಂಕಿಯೊಳಗೆ ಏನಿದೆ ಎಂದು ನೋಡುವ ಗೋಜೇ ಉಳಿಯಲಿಲ್ಲ. ಸ್ಥಾಪಕರಾದ ಖಾನ್ ಬಹಾದ್ದೂರ್ ಹಾಜಿ ಅಬ್ದುಲ್ಲಾ ಹಾಜಿ ಕಾಸಿಂ ಸಾಹೇಬರ ಬಗ್ಗೆ ಈ ಮೊತ್ತ ಕೆಲವು ಸಂಗತಿಗಳನ್ನು ತಿಳಿಸುತ್ತದೆ ಎಂಬುದು ನನ್ನ ಅಭಿಪ್ರಾಯ.

ಕೊನೆಯ ಎರಡು ಪೈಗಳಿಂದ ಆರಂಭಿಸುವುದು ಒಳ್ಳೆಯದು. ರೂಪಾಯಿಗೆ 16 ಆಣೆ, ಆಣೆಗೆ 12 ಪೈ. ರೂಪಾಯಿಯೊಂದಕ್ಕೆ 192 ಪೈ. ಪೇಟೆಯಲ್ಲಿ ಹೆಚ್ಚಾಗಿ ಓಡಾಡುತ್ತಿದ್ದ ಚಿಲ್ಲರೆಯೆಂದರೆ ಕಾಲಾಣೆ, ಅಂದರೆ ಮೂರು ಪೈ. ಅದರ ಅರ್ಧದ ನಾಣ್ಯವೂ ಇತ್ತು, ಒಂದೂವರೆ ಪೈ ಬೆಲೆಯದು. ಎಲ್ಲಕ್ಕಿಂತ ಕೆಳಗೆ ಆಣೆಯ ಹನ್ನೆರಡನೆಯ ಒಂದು ಪಾಲಿನ ಸಣ್ಣ ತಾಮ್ರದ ಬಿಲ್ಲೆ, ಒಂದು ಪೈ. ಮೊದಲ ದಿನದ ಮೊತ್ತವನ್ನು ಪೈಗೆ ಇಳಿಸಿದರೆ 7,454 ಆಗುತ್ತದೆ. ಇದನ್ನು ಮೂರರಿಂದ ಭಾಗಿಸಿದರೆ ಎರಡು ಉಳಿಯುತ್ತದೆ. ರೂಪಾಯಿ, ಎರಡಾಣೆ, ಅರ್ಧಾಣೆ, ಕಾಲಾಣೆ ಎಲ್ಲವೂ ಮೂರು ಪೈಯ ಲೆಕ್ಕಕ್ಕೆ ಸರಿಹೊಂದುವ ನಾಣ್ಯಗಳು. ಅವನ್ನು ಹೇಗೆ ಕೂಡಿಸಿದರೂ ಈ ಶೇಷ ಬರುವುದಿಲ್ಲ. ಅರ್ಧ ಕಾಲಾಣೆಗಳನ್ನು ಸೇರಿಸಿದರೂ ಬರುವುದಿಲ್ಲ. ಹಣವೆಲ್ಲ ನಗದಾಗಿಯೇ ಬಂದಿತ್ತು ಎಂದಾದರೆ, ಕನಿಷ್ಠ ಎರಡು ಒಂದು-ಪೈ ಬಿಲ್ಲೆಗಳು ಆ ದಿನ ಕೌಂಟರಿನ ಮೇಲೆ ಬಿದ್ದಿರಲೇಬೇಕು.

ಇದರಿಂದ ಎಷ್ಟು ದೂರ ಹೋಗಬಹುದು? ಬಹಳ ದೂರವಿಲ್ಲ. ಯಾರೋ ಬಡ ಹೆಂಗಸು ಸೆರಗಿನ ಗಂಟು ಬಿಚ್ಚಿ ಎರಡು ಪೈ ಇಟ್ಟಳು ಎಂದು ಬರೆದರೆ ಓದಲು ಚೆನ್ನಾಗಿರುತ್ತದೆ, ಆಧಾರ ಮಾತ್ರ ಇರುವುದಿಲ್ಲ. ಉಡುಪಿ ದೇವಸ್ಥಾನದ ಊರು. ಹರಕೆ, ಕಾಣಿಕೆ, ತಟ್ಟೆಕಾಸುಗಳಿಂದಾಗಿ ಅಂಥ ಊರಿನಲ್ಲಿ ಸಣ್ಣ ಬಿಲ್ಲೆ ಶ್ರೀಮಂತರ ಗಲ್ಲಾಪೆಟ್ಟಿಗೆಯಲ್ಲೂ ಸಿಗುತ್ತದೆ. ನಾಣ್ಯ ಯಾರದು ಎಂದು ಮೊತ್ತ ಹೇಳುವುದಿಲ್ಲ. ಅದು ಹೇಳುವುದು ಒಂದನ್ನೇ: ಈ ಕೌಂಟರು ಪೈಯನ್ನು ತೆಗೆದುಕೊಂಡಿತು, ಪುಸ್ತಕದಲ್ಲಿ ಬರೆದುಕೊಂಡಿತು, ದುಂಡಗೆ ಮಾಡಿ ಕೈತೊಳೆದುಕೊಳ್ಳಲಿಲ್ಲ. ಆರಂಭದ ಬಂಡವಾಳ 5,000 ರೂಪಾಯಿ ಇದ್ದ ಸಂಸ್ಥೆಗೆ ಮೊದಲ ದಿನದ ಒಟ್ಟು ಹಣವೇ ನೂರಕ್ಕೆ ಒಂದರಷ್ಟೂ ಅಲ್ಲ. ಊರಿನ ನಾಲ್ಕು ಸಾಹುಕಾರರನ್ನು ಮುಂದಾಗಿ ಒಪ್ಪಿಸಿ ಮೊದಲ ದಿನ ದೊಡ್ಡ ಠೇವಣಿ ತೋರಿಸುವುದು ಹಾಜಿಯವರಂಥ ವ್ಯಾಪಾರಸ್ಥರಿಗೆ ಕಷ್ಟವಿರಲಿಲ್ಲ. ಹಾಗೆ ತೋರಿಸಲಿಲ್ಲ ಎಂಬುದು ನನಗೆ ಮುಖ್ಯವಾಗಿ ಕಾಣುತ್ತದೆ.

ಈ ಓದಿಗೆ ಒತ್ತಾಸೆಯಾಗಿ ನಿಲ್ಲುವುದು ಬ್ಯಾಂಕ್ ತೆರೆಯುವ ಮೊದಲು, 1906ರ ಫೆಬ್ರವರಿ 19ರಂದು ಹೊರಡಿಸಿದ ಮನವಿ. ಜಾತಿಮತದ ಭೇದವಿಲ್ಲದೆ ಎಲ್ಲ ವರ್ಗದ ಜನರಲ್ಲಿ ಉಳಿತಾಯದ ರೂಢಿಯನ್ನೂ ಅದರ ಜತೆಗೆ ಪರಸ್ಪರ ಸಹಕಾರದ ರೂಢಿಯನ್ನೂ ಬೆಳೆಸುವುದು ಉದ್ದೇಶವೆಂದು ಅದು ಹೇಳುತ್ತದೆ. ಇದನ್ನೇ ಶುದ್ಧ ಸ್ವದೇಶಿ ಎಂದು ಕರೆಯುತ್ತದೆ. ಸ್ವದೇಶಿ ಚಳವಳಿಯನ್ನು ಹೊತ್ತಿಸಿದ ಬಂಗಾಳದ ವಿಭಜನೆ ಜಾರಿಗೆ ಬಂದದ್ದು 1905ರ ಅಕ್ಟೋಬರ್ 16ರಂದು. ನಾಲ್ಕೇ ತಿಂಗಳಲ್ಲಿ ಸ್ವದೇಶಿ ಎಂಬ ಮಾತು ಕಲ್ಕತ್ತೆಯಿಂದ ಅರಬ್ಬೀ ಸಮುದ್ರದ ದಂಡೆಗೆ ಬಂದು, ವಿಲಾಯತಿ ಬಟ್ಟೆಯ ಬಹಿಷ್ಕಾರವನ್ನು ದಾಟಿ, ಠೇವಣಿ ಪುಸ್ತಕದೊಳಗೆ ಕುಳಿತಿತ್ತು.

ಕಾಲಕ್ರಮದ ಬಗ್ಗೆ ಇಲ್ಲೊಂದು ಮಾತು ಹೇಳಬೇಕು. ಮದ್ರಾಸ್ ಪ್ರಾಂತದಲ್ಲಿ ದೇಶೀ ಬ್ಯಾಂಕುಗಳು ಹುಟ್ಟಿದ್ದನ್ನು ಸಾಮಾನ್ಯವಾಗಿ ಮದ್ರಾಸಿನ ಬ್ರಿಟಿಷ್ ಬ್ಯಾಂಕಿಂಗ್ ಸಂಸ್ಥೆಯಾದ ಆರ್ಬತ್‌ನಾಟ್ ಕಂಪನಿಯ ಪತನಕ್ಕೆ ಜೋಡಿಸುತ್ತಾರೆ. 1907ರ ಇಂಡಿಯನ್ ಬ್ಯಾಂಕಿನ ಮಟ್ಟಿಗೆ ಅದು ಸರಿ. ಆರ್ಬತ್‌ನಾಟ್ ಮುಳುಗಿದ್ದು 1906ರ ಅಕ್ಟೋಬರಿನಲ್ಲಿ; ಅಷ್ಟು ಹೊತ್ತಿಗೆ ಉಡುಪಿಯ ಸಂಸ್ಥೆಗೆ ಏಳು ತಿಂಗಳು ತುಂಬಿತ್ತು. ಜುಲೈ 1ರಂದು ಮಂಗಳೂರಿನಲ್ಲಿ ಅಮ್ಮೆಂಬಳ ಸುಬ್ಬರಾವ್ ಪೈಗಳು ‘ಕೆನರಾ ಬ್ಯಾಂಕ್ ಹಿಂದೂ ಪರ್ಮನೆಂಟ್ ಫಂಡ್’ ತೆರೆದೂ ಆಗಿತ್ತು. ದಕ್ಷಿಣ ಕನ್ನಡದ ಬ್ಯಾಂಕುಗಳು ಮದ್ರಾಸಿನ ದಿವಾಳಿಗೆ ಹೆದರಿ ಹುಟ್ಟಿದವಲ್ಲ.

ಈ ಎರಡು ಹೆಸರುಗಳನ್ನು ಪಕ್ಕಪಕ್ಕ ಇಟ್ಟು, ಒಂದರಲ್ಲಿ ‘ಹಿಂದೂ’ ಇದೆ, ಇನ್ನೊಂದು ಎಲ್ಲರನ್ನೂ ಕರೆಯಿತು ಎಂದು ಸುಲಭದ ತೀರ್ಪು ಕೊಡುವವರಿದ್ದಾರೆ. ಅದು ಅವಸರದ ತೀರ್ಪು. ‘ಹಿಂದೂ ಪರ್ಮನೆಂಟ್ ಫಂಡ್’ ಎಂಬುದು ಮದ್ರಾಸಿನ ನಿಧಿಗಳ, ಅಂದರೆ ಸದಸ್ಯರಿಂದಲೇ ಹಣ ಕೂಡಿಸಿ ಸದಸ್ಯರಿಗೇ ಸಾಲ ಕೊಡುವ ಸಂಘಗಳ, ರೂಢಿಯ ಹೆಸರು. ಮೈಲಾಪುರದಲ್ಲಿ 1872ರಲ್ಲೇ ಅಂಥದೊಂದು ಇತ್ತು. ಮದ್ರಾಸಿನಲ್ಲಿ ಓದಿ ವಕೀಲರಾದ ಸುಬ್ಬರಾವ್ ಪೈಗಳು ಆ ಮಾದರಿಯನ್ನೇ ತಂದಿರಬೇಕು. ಹಾಜಿಯವರ ಸಂಸ್ಥೆಯೂ ಶುರುವಾದದ್ದು ನಿಧಿಯಾಗಿಯೇ.

ಇದಕ್ಕಿಂತ ಗಂಭೀರವಾದ ತೊಡಕು ಬೇರೆ ಇದೆ. ಈ ಜಿಲ್ಲೆಯ ಬ್ಯಾಂಕುಗಳ ಕಥೆಯನ್ನು ನಾವು ಜಾತಿವಾರು ಹಂಚಿ ಹೇಳುತ್ತ ಬಂದಿದ್ದೇವೆ: ಕೆನರಾ ಮತ್ತು ಸಿಂಡಿಕೇಟ್ ಗೌಡ ಸಾರಸ್ವತರದು, 1924ರ ಕರ್ಣಾಟಕ ಬ್ಯಾಂಕ್ ಬ್ರಾಹ್ಮಣರದು, ಎ.ಬಿ. ಶೆಟ್ಟರು 1931ರಲ್ಲಿ ಕಟ್ಟಿದ ವಿಜಯಾ ಬ್ಯಾಂಕ್ ಬಂಟರದು. ಕಥೆ ಪೂರ್ತಿ ಸುಳ್ಳಲ್ಲ. ಆದರೆ ಇವುಗಳಲ್ಲೆಲ್ಲ ಹಿರಿಯದಾದ ಸಂಸ್ಥೆ ಈ ಹಂಚಿಕೆಯಲ್ಲಿ ಎಲ್ಲಿಯೂ ಕೂರುವುದಿಲ್ಲ. ಅಷ್ಟಮಠಗಳ ಊರಿನಲ್ಲಿ ಮುಸ್ಲಿಂ ವ್ಯಾಪಾರಿಯೊಬ್ಬರು ಮುಂದಾಳಾಗಿ, ಹಿಂದೂ ಗೆಳೆಯರನ್ನು ಸೇರಿಸಿಕೊಂಡು ಕಟ್ಟಿದ ಬ್ಯಾಂಕು ಅದು. ವಿವರಣೆಗೆ ಸಿಗದಾದಾಗ ನಾವು ಅದನ್ನು ಸೌಹಾರ್ದದ ಉದಾಹರಣೆಯೆಂದು ಬೇರೆ ಕಪಾಟಿಗೆ ಸೇರಿಸಿಬಿಟ್ಟೆವು. ಮಠದ ದೀಪೋತ್ಸವಕ್ಕೆ ಹಾಜಿಯವರು ಎಣ್ಣೆ ಒದಗಿಸಿದರೆಂಬ ಕಥೆ ಉಡುಪಿಯಲ್ಲಿ ಈಗಲೂ ಬಾಯಿಂದ ಬಾಯಿಗೆ ಇದೆ. ಅದನ್ನು ಅಲ್ಲಗಳೆಯುವ ಉದ್ದೇಶ ನನ್ನದಲ್ಲ. ಆದರೆ ಎಣ್ಣೆಯ ಕಥೆ ಕೇಳಿದವರ ಮನಸ್ಸಿನಲ್ಲಿ ನಿಲ್ಲುವುದು ಕೈಯೆತ್ತಿ ಕೊಟ್ಟ ಧಣಿ. ಫೆಬ್ರವರಿಯ ಮನವಿಯಲ್ಲಿ ಮಾತಾಡುವವರು ಕೊಡುತ್ತೇನೆ ಎನ್ನುವುದಿಲ್ಲ. ಬನ್ನಿ, ನೀವೂ ಹಾಕಿ ಎನ್ನುತ್ತಾರೆ.

ಬ್ಯಾಂಕು ಬೆಳೆದ ರೀತಿಯಲ್ಲೂ ಗಡಿಬಿಡಿ ಇಲ್ಲ. ಮೊದಲ ಶಾಖೆ ಕುಂದಾಪುರದಲ್ಲಿ ತೆರೆದದ್ದು 1923ರಲ್ಲಿ, ಹದಿನೇಳು ವರ್ಷ ಕಾದು. ಮಂಗಳೂರಿನ ರಥಬೀದಿಗೆ 1926ರಲ್ಲಿ, ಮಡಿಕೇರಿಗೆ 1934ರಲ್ಲಿ ಹೋಯಿತು. ಅಷ್ಟರಲ್ಲಿ ಅದೇ ಉಡುಪಿಯಲ್ಲಿ ಉಪೇಂದ್ರ ಅನಂತ ಪೈ, ವಾಮನ ಕುಡ್ವ ಮತ್ತು ಡಾ. ಟಿ.ಎಂ.ಎ. ಪೈ ಅವರು ನೇಕಾರರ ಸಂಕಷ್ಟವನ್ನು ಕಂಡು 1925ರಲ್ಲಿ 8,000 ರೂಪಾಯಿ ಬಂಡವಾಳದಿಂದ ‘ಕೆನರಾ ಇಂಡಸ್ಟ್ರಿಯಲ್ ಅಂಡ್ ಬ್ಯಾಂಕಿಂಗ್ ಸಿಂಡಿಕೇಟ್’ ಕಟ್ಟಿದ್ದರು. 1928ರಲ್ಲಿ ಅವರು ತಂದ ಪಿಗ್ಮಿ ಠೇವಣಿಯಲ್ಲಿ ದಿನಕ್ಕೆ ಎರಡಾಣೆ ಹಾಕಿದರೆ ಸಾಕಿತ್ತು. ಏಜೆಂಟ್ ಮನೆಬಾಗಿಲಿಗೇ ಬರುತ್ತಿದ್ದ. ಪಿಗ್ಮಿಯ ಮೂಲ ಹಾಜಿಯವರಲ್ಲಿದೆ ಎಂದು ನಾನು ವಾದಿಸುತ್ತಿಲ್ಲ. ಅದು ಪೈಗಳದೇ ಯುಕ್ತಿ. ಆದರೆ ಸಣ್ಣ ದುಡ್ಡಿಗೂ ಬ್ಯಾಂಕಿನಲ್ಲಿ ಜಾಗವಿದೆ ಎಂಬ ಮಾತನ್ನು ಉಡುಪಿಯ ಜನ ಮೊದಲ ಬಾರಿ ಕೇಳಿದ್ದು 1928ರಲ್ಲಲ್ಲ.

ಹಾಜಿಯವರು ಮದ್ರಾಸ್ ಶಾಸನಸಭೆಯಲ್ಲೂ ಜಿಲ್ಲೆಯ ದನಿಯಾಗಿದ್ದರು. 1935ರಲ್ಲಿ ತೀರಿಕೊಂಡರು. 1939ರಲ್ಲಿ ಬ್ಯಾಂಕಿನ ಹೆಸರಿನಿಂದ ಕಂಸದೊಳಗಿನ ‘ಉಡುಪಿ’ ಹೋಯಿತು, 1972ರಲ್ಲಿ ‘ಕೆನರಾ’ ಹೋಯಿತು, 1980ರ ಏಪ್ರಿಲ್ 15ರಂದು ರಾಷ್ಟ್ರೀಕರಣವಾಯಿತು, 2020ರ ಏಪ್ರಿಲ್ 1ರಂದು ಯೂನಿಯನ್ ಬ್ಯಾಂಕಿನಲ್ಲಿ ವಿಲೀನವಾಗಿ ಹೆಸರೇ ಇಲ್ಲವಾಯಿತು. ಅದೇ ದಿನ ಸಿಂಡಿಕೇಟ್ ಬ್ಯಾಂಕ್ ಕೆನರಾ ಬ್ಯಾಂಕಿನೊಳಗೆ ಸೇರಿತು.

ಬ್ಯಾಂಕು ಹೋದ ಮೇಲೆ ಊರಿನಲ್ಲಿ ಅವರ ನೆನಪಿಗೆ ಎರಡು ನೆಲೆಗಳಿವೆ. ಒಂದು, ಬ್ಯಾಂಕು ನಾಣ್ಯ ಸಂಗ್ರಹಾಲಯವಾಗಿ ಮಾರ್ಪಡಿಸಿದ ಅವರ ಮನೆ. ಇನ್ನೊಂದು, ಸರ್ಕಾರಿ ಹೆಂಗಸರ ಮತ್ತು ಮಕ್ಕಳ ಆಸ್ಪತ್ರೆ. ಅದರ ಜಾಗ ಹಾಜಿಯವರು ಕೊಟ್ಟದ್ದು. ಅಲ್ಲಿ ಉದ್ಯಮಿ ಬಿ.ಆರ್. ಶೆಟ್ಟಿ ಕಟ್ಟಿಸಿದ 200 ಹಾಸಿಗೆಗಳ ಹೊಸ ಕಟ್ಟಡ 2017ರಲ್ಲಿ ಆರಂಭವಾದಾಗ ಅದಕ್ಕೆ ‘ಕೂಸಮ್ಮ ಶಂಭು ಶೆಟ್ಟಿ ಸ್ಮಾರಕ ಹಾಜಿ ಅಬ್ದುಲ್ಲಾ’ ಎಂದು ಜೋಡುಹೆಸರು ಬಂತು. ಜಾಗ ಕೊಟ್ಟವರು, ಕಟ್ಟಡ ಕೊಟ್ಟವರು, ಇಬ್ಬರ ದಾನಕ್ಕೂ ಫಲಕದಲ್ಲಿ ಸ್ಥಳ ಸಿಕ್ಕಿದೆ. ಎರಡು ಪೈಯನ್ನು ಬಿಡದೆ ಬರೆದುಕೊಂಡ ಬ್ಯಾಂಕರ್‌ಗೆ ಸ್ಥಳ ಸಿಗಬೇಕಾದದ್ದು ನಮ್ಮ ಆರ್ಥಿಕ ಚರಿತ್ರೆಯ ಪುಸ್ತಕಗಳಲ್ಲಿ, ಮತ್ತು ಅಲ್ಲಿ ಅದು ಸೌಹಾರ್ದದ ಅಧ್ಯಾಯದಲ್ಲಿ ಸಿಗುವ ಬದಲು ಬ್ಯಾಂಕಿಂಗಿನ ಅಧ್ಯಾಯದಲ್ಲೇ ಸಿಗಬೇಕು.