ಮೆಕ್‌ನಾಟನ್ನನ ಗುಂಡು, ನಮ್ಮ ದಂಡ ಸಂಹಿತೆ

1843ರ ಜನವರಿ 20ರಂದು ಲಂಡನ್ನಿನ ಚೇರಿಂಗ್ ಕ್ರಾಸ್ ಬಳಿ ನಡೆದು ಹೋಗುತ್ತಿದ್ದ ಎಡ್ವರ್ಡ್ ಡ್ರಮಂಡನ ಬೆನ್ನಿಗೆ ಗುಂಡು ಬಿತ್ತು. ಆತ ಪ್ರಧಾನಿ ರಾಬರ್ಟ್ ಪೀಲನ ಖಾಸಗಿ ಕಾರ್ಯದರ್ಶಿ. ಐದು ದಿನಕ್ಕೆ ತೀರಿಕೊಂಡ. ಗುಂಡು ಹಾರಿಸಿದ ಡೇನಿಯಲ್ ಮೆಕ್‌ನಾಟನ್ ಗ್ಲಾಸ್ಗೋದಲ್ಲಿ ಮರ ಕಡೆಯುವ ಕಸುಬಿನವನು. ಪೀಲನ ಟೋರಿ ಪಕ್ಷದವರು ಹಗಲಿರುಳೂ ತನ್ನ ಬೆನ್ನು ಹತ್ತಿದ್ದಾರೆ, ಕೊಲ್ಲಲು ನೋಡುತ್ತಿದ್ದಾರೆ ಎಂದು ಅವನು ನಂಬಿದ್ದ. ಡ್ರಮಂಡನನ್ನೇ ಪೀಲ್ ಎಂದುಕೊಂಡು ಹೊಡೆದ ಎಂಬುದು ಅಂದಿನವರ ತಿಳುವಳಿಕೆ.

ಮಾರ್ಚ್‌ನಲ್ಲಿ ಓಲ್ಡ್ ಬೇಲಿ ನ್ಯಾಯಾಲಯದಲ್ಲಿ ವಿಚಾರಣೆ ನಡೆಯಿತು. ವಕೀಲ ಅಲೆಕ್ಸಾಂಡರ್ ಕಾಕ್‌ಬರ್ನ್ ಒಬ್ಬರಾದ ಮೇಲೆ ಒಬ್ಬರಂತೆ ವೈದ್ಯರನ್ನು ಸಾಕ್ಷಿಕಟ್ಟೆ ಹತ್ತಿಸಿದ. ಎಲ್ಲರದೂ ಒಂದೇ ಮಾತು: ಈತನಿಗೆ ಚಿತ್ತಭ್ರಮೆ. ಅದನ್ನು ಅಲ್ಲಗಳೆಯುವ ಒಬ್ಬ ವೈದ್ಯನೂ ಸರ್ಕಾರದ ಕಡೆಯಿಂದ ಬರಲಿಲ್ಲ. ಬುದ್ಧಿಭ್ರಮಣೆಯ ಕಾರಣಕ್ಕೆ ನಿರ್ದೋಷಿ ಎಂದು ಜ್ಯೂರಿ ಹೇಳಿತು.

ಊರೆಲ್ಲ ಕೆರಳಿತು. ರಾಣಿ ವಿಕ್ಟೋರಿಯಾಳ ಸಿಟ್ಟಿಗಂತೂ ಸ್ವಂತ ಕಾರಣವಿತ್ತು. 1840ರಲ್ಲಿ ಆಕೆಯ ಮೇಲೇ ಪಿಸ್ತೂಲು ಹಾರಿಸಿದ ಎಡ್ವರ್ಡ್ ಆಕ್ಸ್‌ಫರ್ಡ್ ಇದೇ ಕಾರಣಕ್ಕೆ ಗಲ್ಲಿನಿಂದ ಪಾರಾಗಿದ್ದ. ಹೌಸ್ ಆಫ್ ಲಾರ್ಡ್ಸ್ ನ್ಯಾಯಾಧೀಶರನ್ನೆಲ್ಲ ಕರೆಸಿ ಐದು ಪ್ರಶ್ನೆ ಕೇಳಿತು. ಜೂನ್‌ನಲ್ಲಿ ಬಂದ ಉತ್ತರವೇ ‘ಮೆಕ್‌ನಾಟನ್ ನಿಯಮ’. ಮಾಡುತ್ತಿರುವುದೇನು ಎಂಬ ಅರಿವಿಲ್ಲದವನು, ಅರಿವಿದ್ದರೂ ಅದು ತಪ್ಪು ಎಂದು ತಿಳಿಯಲಾರದವನು ಮಾತ್ರ ಶಿಕ್ಷೆಯಿಂದ ಮುಕ್ತ.

ಈ ಗೆರೆ ಎಷ್ಟು ಬಿಗಿಯೆಂದರೆ, ಸ್ವತಃ ಮೆಕ್‌ನಾಟನ್ನನೇ ಇದರಡಿ ಪಾರಾಗುತ್ತಿದ್ದನೇ ಎಂದು ಕಾನೂನು ಪಂಡಿತರು ಇಂದಿಗೂ ವಾದಿಸುತ್ತಾರೆ. ನಿರ್ದೋಷಿ ಎನಿಸಿಕೊಂಡ ಆತನೂ ಮನೆಗೇನೂ ಹೋಗಲಿಲ್ಲ. ಬೆಥ್ಲೆಮ್ ಮಾನಸಿಕ ಆಸ್ಪತ್ರೆಯಲ್ಲಿ ಎರಡು ದಶಕ ಕಳೆದು, ಬ್ರಾಡ್‌ಮೂರ್ ಆಸ್ಪತ್ರೆಗೆ ಸಾಗಿಸಲ್ಪಟ್ಟು, 1865ರಲ್ಲಿ ಅಲ್ಲೇ ಸತ್ತ.

ನಿಯಮ ಮಾತ್ರ ಕಡಲು ದಾಟಿತು. 1860ರ ಭಾರತೀಯ ದಂಡ ಸಂಹಿತೆಯ 84ನೇ ಸೆಕ್ಷನ್ ಅದರದೇ ಕುಡಿ. ಪಕ್ಕದಲ್ಲೇ ವಯಸ್ಸಿನ ಲೆಕ್ಕವೂ ಇತ್ತು: ಏಳು ವರ್ಷ ತುಂಬದ ಮಗು ಮಾಡಿದ್ದು ಅಪರಾಧವೇ ಅಲ್ಲ, ಏಳರಿಂದ ಹನ್ನೆರಡರೊಳಗಿನ ಮಗುವಿಗೆ ತಿಳುವಳಿಕೆ ಬಲಿತಿತ್ತೇ ಎಂದು ನೋಡಬೇಕು.

ಅಲ್ಲಿಂದ ಈಚೆಗೆ ವಯಸ್ಸಿನ ಕಾನೂನು ಹಲವು ಬಾರಿ ಮಗ್ಗುಲು ಬದಲಿಸಿದೆ. 1986ರ ಬಾಲ ನ್ಯಾಯ ಕಾಯ್ದೆ ಹುಡುಗರಿಗೆ 16, ಹುಡುಗಿಯರಿಗೆ 18 ಎಂದು ಗೆರೆ ಎಳೆಯಿತು. 2000ದ ಕಾಯ್ದೆ ಇಬ್ಬರಿಗೂ 18 ಎಂದಿತು. 2012ರ ದೆಹಲಿ ಸಾಮೂಹಿಕ ಅತ್ಯಾಚಾರದ ಆರೋಪಿಗಳಲ್ಲಿ ಒಬ್ಬನಿಗೆ 18 ತುಂಬಿರಲಿಲ್ಲ. ಆತನಿಗೆ ಆದದ್ದು ಮೂರು ವರ್ಷದ ಸುಧಾರಣಾ ಗೃಹವಾಸ. ಜನರ ಆಕ್ರೋಶದ ಫಲವಾಗಿ ಬಂದ 2015ರ ಕಾಯ್ದೆ, ಘೋರ ಅಪರಾಧವಾದರೆ 16 ದಾಟಿದವರನ್ನೂ ವಯಸ್ಕರಂತೆ ವಿಚಾರಣೆಗೆ ಒಳಪಡಿಸಲು ದಾರಿ ಮಾಡಿತು.

ಚಿತ್ತದ ಕಾನೂನು ಹಾಗೆ ಕದಲಲಿಲ್ಲ. ರೋಗವಿದೆ ಎಂಬ ವೈದ್ಯರ ಚೀಟಿಯೊಂದೇ ನ್ಯಾಯಾಲಯಕ್ಕೆ ಸಾಲದು. ಕೃತ್ಯ ನಡೆದ ಆ ಗಳಿಗೆಯಲ್ಲಿ ಅರಿವು ಕೆಟ್ಟಿತ್ತು ಎಂದು ಆರೋಪಿಯೇ ತೋರಿಸಬೇಕು. ಹಾಗೆ ತೋರಿಸಲು ಸಂಭವನೀಯತೆಯ ತೂಕ ಸಾಕು, ಸಂಶಯಾತೀತ ಪುರಾವೆ ಬೇಡ ಎಂದು 1964ರಲ್ಲಿ ಗುಜರಾತಿನ ಕೊಲೆ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಇಂಗ್ಲೆಂಡು 1957ರಲ್ಲೇ, ಮನಸ್ಸು ಅರೆಬರೆ ಕೆಟ್ಟವನ ಕೊಲೆ ಆರೋಪವನ್ನು ಕಡಿಮೆ ಮಾಡುವ ನಡುದಾರಿ ಕಂಡುಕೊಂಡಿತು. ಅಂಥ ದಾರಿ ನಮ್ಮಲ್ಲಿಲ್ಲ.

2023ರಲ್ಲಿ ದಂಡ ಸಂಹಿತೆಯನ್ನೇ ಹೊಸದಾಗಿ ಬರೆಯುವಾಗ ಬದಲಾವಣೆಯ ಅವಕಾಶ ಬಂದಿತ್ತು. ಮೊದಲ ಕರಡಿನಲ್ಲಿ ‘ಮಾನಸಿಕ ಕಾಯಿಲೆ’ ಎಂಬ ಮಾತು ಸೇರಿತು, ಆದರೆ ಸಂಸದೀಯ ಸಮಿತಿಯ ಸಲಹೆಯ ಮೇರೆಗೆ ಹಳೆಯ ‘ಚಿತ್ತಸ್ವಾಸ್ಥ್ಯ ಇಲ್ಲದಿರುವಿಕೆ’ಯೇ ಮರಳಿತು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯಲ್ಲಿ 84ನೇ ಸೆಕ್ಷನ್ 22ನೆಯದಾಗಿದೆ. ಒಳಗಿನ ಅಳತೆಗೋಲು 1843ರದ್ದೇ.