ಆಟಿಸಂ: ತಾಯಿಯ ಮೇಲಣ ಆರೋಪದಿಂದ ನರಕೋಶದ ಸಾಕ್ಷ್ಯದವರೆಗೆ

ಆಟಿಸಂ ಎಂಬ ಸ್ಥಿತಿಯನ್ನು ಪ್ರತ್ಯೇಕವಾಗಿ ವಿವರಿಸಿದ ಪ್ರಸಿದ್ಧ ಲೇಖನವು 1943ರಲ್ಲಿ ಪ್ರಕಟವಾಯಿತು. ಅದರ ಕರ್ತೃಗಳು ಅಮೆರಿಕದ ಬಾಲ್ಟಿಮೋರಿನ ವೈದ್ಯರಾದ ಲಿಯೊ ಕ್ಯಾನರ್. ಹನ್ನೊಂದು ಮಕ್ಕಳ ವೃತ್ತಾಂತವನ್ನು ಆಧರಿಸಿದ ಆ ಲೇಖನದಲ್ಲಿ ನಮಗೆ ಎರಡು ಮಾತುಗಳು ಮುಖ್ಯವಾಗಿ ತೋರುತ್ತವೆ. ಅನ್ಯರೊಡನೆ ಭಾವಸಂಪರ್ಕ ಬೆಳೆಸಲಾರದ ಈ ಲಕ್ಷಣವು ಹುಟ್ಟಿನಿಂದಲೇ ಬಂದದ್ದೆಂಬುದು ಒಂದು; ಈ ಮಕ್ಕಳ ತಂದೆತಾಯಿಗಳಲ್ಲಿ ಸಹೃದಯ ಸ್ವಭಾವದವರು ವಿರಳವೆಂಬುದು ಇನ್ನೊಂದು. ಮುಂದಿನ ಕಾಲು ಶತಮಾನದಲ್ಲಿ ಅನೇಕ ವೈದ್ಯರು ಮೊದಲನೆಯದನ್ನು ಮರೆತು ಎರಡನೆಯದನ್ನೇ ಹಿಡಿದುಕೊಂಡರು. ಬ್ರೂನೊ ಬೆಟಲ್‌ಹೈಮರ 1967ರ ಗ್ರಂಥವು ದೋಷವನ್ನು ಪ್ರಧಾನವಾಗಿ ತಾಯಿಯ ಮೇಲೆ ಹೊರಿಸಿತು. ಎಷ್ಟು ತಾಯಂದಿರು ಈ ಅಪವಾದವನ್ನು ಮೌನವಾಗಿ ಹೊತ್ತರೆಂಬುದನ್ನು ಯಾವ ದಾಖಲೆಯೂ ಹೇಳದು. ಕೊನೆಗೆ 1969ರಲ್ಲಿ ಕ್ಯಾನರರೇ ತಂದೆತಾಯಿಗಳ ಸಭೆಯೊಂದರಲ್ಲಿ ಅವರನ್ನು ನಿರ್ದೋಷಿಗಳೆಂದು ಸಾರಬೇಕಾಯಿತು.

ಸಾರಿದ ಮಾತ್ರಕ್ಕೆ ಪ್ರಮಾಣವಾಗದಷ್ಟೆ. 1977ರಲ್ಲಿ ಸೂಸನ್ ಫೋಲ್‌ಸ್ಟೀನ್ ಮತ್ತು ಮೈಕೇಲ್ ರಟರ್ ಅವರು 21 ಅವಳಿ ಜೋಡಿಗಳನ್ನು ಪರೀಕ್ಷಿಸಿದರು. ಏಕರೂಪದ 11 ಜೋಡಿಗಳ ಪೈಕಿ ನಾಲ್ಕರಲ್ಲಿ ಇಬ್ಬರಿಗೂ ಆಟಿಸಂ ಇದ್ದಿತು. ಭಿನ್ನರೂಪದ 10 ಜೋಡಿಗಳಲ್ಲಿ ಒಂದರಲ್ಲಿಯೂ ಹಾಗಿರಲಿಲ್ಲ. ಸಂಖ್ಯೆ ಸಣ್ಣದಾದರೂ ವಾದದ ದಿಕ್ಕು ಬದಲಾಯಿತು.

ಆದರೆ ಆನುವಂಶಿಕತೆಯುಂಟೆಂದು ತಿಳಿದರೆ ಸಾಲದು. ಮಿದುಳಿನಲ್ಲಿ ನಡೆಯುವುದೇನೆಂದು ತಿಳಿಯಬೇಕು. ದೇಹದ ಬಹುತೇಕ ಎಲ್ಲ ಕೋಶಗಳಲ್ಲಿಯೂ ಇರುವ ಜೀನ್‌ಗಳು ಒಂದೇ. ಯಾವುದು ಎಲ್ಲಿ, ಯಾವಾಗ, ಎಷ್ಟರಮಟ್ಟಿಗೆ ಕೆಲಸ ಮಾಡುತ್ತದೆಂಬುದರಿಂದ ಚರ್ಮವು ಚರ್ಮವಾಗಿಯೂ ನರವು ನರವಾಗಿಯೂ ಇರುತ್ತವೆ. ಇದೇ ಜೀನ್ ಅಭಿವ್ಯಕ್ತಿ. ಜೀವಂತ ಮಗುವಿನ ಮಿದುಳನ್ನು ತೆರೆದು ಇದನ್ನು ನೋಡುವಂತಿಲ್ಲ. ಮರಣೋತ್ತರ ಮಿದುಳುಗಳ ಪರೀಕ್ಷೆಯಿಂದ 2011ರಲ್ಲಿ ಒಂದು ಮಹತ್ವದ ಸಂಗತಿ ಹೊರಬಂದಿತು: ಮಿದುಳಿನ ಮುಂಭಾಗಕ್ಕೂ ಪಾರ್ಶ್ವಭಾಗಕ್ಕೂ ಅಭಿವ್ಯಕ್ತಿಯಲ್ಲಿ ಇರಬೇಕಾದ ವ್ಯತ್ಯಾಸವು ಆಟಿಸಂ ಇದ್ದವರಲ್ಲಿ ಕುಗ್ಗಿದ್ದಿತು. ಆದರೂ ಅದು ತಡವಾದ ಸಾಕ್ಷ್ಯ. ಘಟನೆ ಮುಗಿದು ಬಹುಕಾಲವಾದ ಮೇಲೆ ಕೆತ್ತಿಸಿದ ಶಾಸನದಂತೆ, ಕಾರಣವಾವುದು ಪರಿಣಾಮವಾವುದು ಎಂದು ಅದರಿಂದ ಬೇರ್ಪಡಿಸುವುದು ಕಷ್ಟ.

ಈ ತೊಡಕನ್ನು ಬಿಡಿಸಲು ದಾರಿಯಾದದ್ದು ಕ್ಯೋಟೊ ನಗರದ ಸಂಶೋಧನೆ. ಶಿನ್ಯ ಯಮನಾಕ ಮತ್ತು ಕಝುತೋಶಿ ತಕಹಾಶಿ ಅವರು 2006ರಲ್ಲಿ ಇಲಿಯ, 2007ರಲ್ಲಿ ಮನುಷ್ಯನ ಚರ್ಮದ ಕೋಶಗಳಿಗೆ ನಾಲ್ಕೇ ಜೀನ್‌ಗಳನ್ನು ಸೇರಿಸಿ ಅವನ್ನು ಆಕರಕೋಶಗಳ ಸ್ಥಿತಿಗೆ ಮರಳಿಸಿದರು. ಆಕರಕೋಶದಿಂದ ನರಕೋಶವನ್ನು ಬೆಳೆಸಬಹುದು. ಹೀಗೆ ಬೆಳೆದ ನರಕೋಶದಲ್ಲಿ ಚರ್ಮ ಕೊಟ್ಟಾತನ ಜೀನ್‌ಗಳೇ ಇರುತ್ತವೆ.

ಮೊದಲು ಕೈಗೆತ್ತಿಕೊಂಡದ್ದು ಒಂದೇ ಜೀನಿನ ದೋಷದಿಂದ ಬರುವ ಅಪರೂಪದ ಸ್ಥಿತಿಗಳನ್ನು. ಇತರ ಜೀನ್‌ಗಳ ಅಭಿವ್ಯಕ್ತಿಯನ್ನು ನಿಯಂತ್ರಿಸುವ ಜೀನೊಂದು ಕೆಟ್ಟಾಗ ಬರುವ ರೆಟ್ ಸ್ಥಿತಿಯ ನರಕೋಶಗಳನ್ನು 2010ರಲ್ಲಿ ಕ್ಯಾಲಿಫೋರ್ನಿಯದಲ್ಲಿ ಬೆಳೆಸಲಾಯಿತು. ಅವು ಗಾತ್ರದಲ್ಲಿ ಕಿರಿದಾಗಿದ್ದುವು; ಅವುಗಳ ಪರಸ್ಪರ ಸಂಧಿಗಳೂ ಕಡಮೆಯಾಗಿದ್ದುವು. ಮರುವರ್ಷ ಸ್ಟ್ಯಾನ್‌ಫರ್ಡಿನವರು ತಿಮೊಥಿ ಸ್ಥಿತಿಯನ್ನು ಪರಿಶೀಲಿಸಿದರು. ಅಲ್ಲಿ ಕ್ಯಾಲ್ಸಿಯಂ ಒಳಬರುವ ದ್ವಾರವೇ ದೋಷಯುಕ್ತ. ನರಕೋಶವು ಉದ್ರಿಕ್ತವಾದಾಗ ಒಳಬರುವ ಕ್ಯಾಲ್ಸಿಯಂ ಅನೇಕ ಜೀನ್‌ಗಳನ್ನು ಎಚ್ಚರಿಸುವುದರಿಂದ, ಇಲ್ಲಿ ಅಭಿವ್ಯಕ್ತಿಯೂ ಹದಗೆಟ್ಟಿದ್ದಿತು.

ಆದರೆ ಆಟಿಸಂ ಇರುವ ಬಹುಮಂದಿಯಲ್ಲಿ ಇಂತಹ ಏಕೈಕ ಕಾರಣವು ದೊರೆಯುವುದಿಲ್ಲ. ಆದಕಾರಣ ಯೇಲ್ ವಿಶ್ವವಿದ್ಯಾನಿಲಯದ ಫ್ಲೋರ ವಕಾರಿನೊ ಮತ್ತು ಸಂಗಡಿಗರ 2015ರ ಅಧ್ಯಯನವನ್ನು ನಾವು ಹೆಚ್ಚು ಬೆಲೆಯುಳ್ಳದ್ದೆಂದು ಎಣಿಸುತ್ತೇವೆ. ಕಾರಣ ತಿಳಿಯದ ಆಟಿಸಂ ಇದ್ದ ನಾಲ್ಕು ಕುಟುಂಬಗಳಿಂದ ಕೋಶಗಳನ್ನು ಪಡೆದು, ಅವರು ಮಿದುಳಿನ ಅಂಗಾಂಶವನ್ನು ಹೋಲುವ ಸಣ್ಣ ಗುಂಡುಗಳನ್ನು ಬೆಳೆಸಿದರು. ಆಟಿಸಂ ಇದ್ದವರ ಗುಂಡುಗಳಲ್ಲಿ ಫಾಕ್ಸ್‌ಜಿ1 ಎಂಬ ಜೀನಿನ ಅಭಿವ್ಯಕ್ತಿ ಮಿತಿಮೀರಿದ್ದಿತು. ಸಂದೇಶವನ್ನು ತಡೆಯುವ ಬಗೆಯ ನರಕೋಶಗಳೂ ಹೆಚ್ಚಾಗಿದ್ದುವು. ಜೀನಿನ ಅಭಿವ್ಯಕ್ತಿಯನ್ನು ತಗ್ಗಿಸಿದಾಗ ಆ ಆಧಿಕ್ಯವೂ ತಗ್ಗಿತು. ಹೋಲಿಕೆಗೆ ಕೋಶ ಕೊಟ್ಟವರು ಅದೇ ಮನೆಗಳ, ಆಟಿಸಂ ಇಲ್ಲದ ಹತ್ತಿರದ ಬಂಧುಗಳು. ಹಿಂದೆ ಆರೋಪಿಯ ಸ್ಥಾನದಲ್ಲಿದ್ದ ಕುಟುಂಬವು ಇಲ್ಲಿ ಅಳತೆಗೋಲಾಯಿತು.

ನಾಲ್ಕು ಕುಟುಂಬಗಳಿಂದ ಸಾರ್ವತ್ರಿಕ ನಿಯಮವನ್ನು ಹೊರಡಿಸಲಾಗದು. ಪಾತ್ರೆಯಲ್ಲಿ ಬೆಳೆದ ನರಕೋಶವು ಗರ್ಭಸ್ಥ ಶಿಶುವಿನ ಮಿದುಳಿನ ಕೋಶವನ್ನು ಹೋಲುತ್ತದೆಯೇ ಹೊರತು ಹತ್ತು ವರ್ಷದ ಬಾಲಕನದನ್ನಲ್ಲ. ಅದು ತಾಯಿಯ ಮುಖವನ್ನು ಕಂಡುದಿಲ್ಲ, ಮಾತನ್ನು ಕೇಳಿದುದಿಲ್ಲ. ಈ ಕೊರತೆಯಲ್ಲಿಯೇ ಒಂದು ಬಲವೂ ಇದೆ: ಅಲ್ಲಿ ಕಂಡ ವ್ಯತ್ಯಾಸಕ್ಕೆ ಲಾಲನೆಪಾಲನೆಯ ದೋಷವನ್ನು ಕಾರಣವೆಂದು ಹೇಳುವಂತಿಲ್ಲ.